ದೂರ, ಕೊಂಬಿಲ್ಲದ್ದು

ಸಿಂಧನೂರು ಬಸ್‌ಸ್ಟ್ಯಾಂಡಿನ ಎದುರು ನನ್ನ ಜೆರಾಕ್ಸ್ ಅಂಗಡಿ.
ಪಹಣಿ, ಆಧಾರ್, ಹತ್ತನೇತ್ತೆ ರಿಸಲ್ಟು,
ಏನು ಕೇಳಿದರೂ ತೆಗೆದುಕೊಡ್ತೀನಿ.
ಕುಸುಮಬಾಲಾ ಮೃಧಾ ಕೇಳಿದ್ದು ಮಾತ್ರ
ದರಪಟ್ಟಿಯಾಗ ಇರಲಿಲ್ಲ.

ಪಿಂಚಣಿ ಅರ್ಜಿ ತುಂಬತಿದ್ದೆ. ಹುಟ್ಟಿದ ಊರು?
'ಖುಲ್ನಾ' ಅಂದಳು.
ನನ್ನ ಬೆರಳು ಕೀಲಿ ಮ್ಯಾಲೆ ನಿಂತದ್ದು ಕಂಡು
ಮಡಚಿ ಮಡಚಿ ಬಟ್ಟೆಯಾದ ಕ್ಯಾಂಪಿನ ಕಾಗದ ಮುಂದಿಟ್ಟಳು.
'ಇಲ್ಲಿಂದ ಎಷ್ಟು ದೂರ, ನೋಡಿ ಹೇಳಪ್ಪ.
ಬರುವಾಗ ಯಾರೂ ಎಣಿಸಲಿಲ್ಲ.'

ನೋಡಿದೆ.
ಸಾವಿರದ ಐನೂರ ಐವತ್ತೈದು ಕಿಲೋಮೀಟರು, ನೆಟ್ಟಗೆ ಹಾರಿದರೆ.
ಎರಡು ತಾಸು ಇಪ್ಪತ್ತು ನಿಮಿಷ.
(ಸಿಂಧನೂರಿಗೆ ವಿಮಾನ ಇಳಿಯೋದಿಲ್ಲ.
ಇಲ್ಲಿ ಇಳಿಯೋದು ಭತ್ತದ ಗದ್ದೆಗೆ ಬೆಳ್ಳಕ್ಕಿ.
ಲೆಕ್ಕಕ್ಕೆ ಅದೆಲ್ಲ ಬ್ಯಾಡ.)

'ಎರಡು ತಾಸು?'
ನಗಲಿಲ್ಲ. ಕೆಳತುಟಿ ಎಳೆದು ಬೋಳು ವಸಡು ತೋರಿಸಿದಳು.
'ಮೊದಲ ಹಾಲುಹಲ್ಲು ಬಿದ್ದದ್ದು ದೋಣಿಯಾಗ.
ನಮ್ಮ ಕಡಿ ಹಲ್ಲು ಇಲಿ ಬಿಲದಾಗ ಹಾಕ್ತಾರ.
ದೋಣಿಯಾಗ ಎಲ್ಲಿ ಬಿಲ? ಮಾ ಸೆರಗಿಗೆ ಗಂಟು ಹಾಕಿಕೊಂಡಳು.
ರಾಯಪುರದ ಡೇರೆಯಾಗ ಇಲಿಗೆ ಬರ ಇರಲಿಲ್ಲ,
ಅಲ್ಲಿ ಅದೂ ಸೇರಿ ಏಳು ಹಾಕಿದಿವಿ.
ಆಮ್ಯಾಲೆ ರಾಯಚೂರು ಅಂದರು.
ಎರಡೂ ರಾಯನ ಊರ ಅಲ್ಲೇನು,
ಬಾಜೂಕ ಇರಬೇಕು ಅಂದ ಅಪ್ಪ.
ದವಡೆ ಹಲ್ಲು ಬರೋ ಹೊತ್ತಿಗೆ
ನಾನು ಇಲ್ಲಿ, ಎರೆಹೊಲದಾಗ ಹತ್ತಿ ಬಿಡಸ್ತಿದ್ದೆ.'

ಪರದೆ ಮ್ಯಾಲೆ ಕೆಂಪು ಗೆರೆ, ಇಸ್ತ್ರಿ ಹಾಕಿದಂಗ.
ಅದಕ್ಕೆ ರಾಯಪುರ ತಾಕೋದಿಲ್ಲ.
ದೋಣಿ ಗೊತ್ತಿಲ್ಲ. ಇಲಿ ಗೊತ್ತಿಲ್ಲ.

'ದೂರ್' ಅಂದಳು, ತನಗ ತಾನ.
ಬಂಗಾಳಿಯಾಗೂ ಅದೇ ಶಬ್ದ, ಬಾಲ ಒಂದಿಷ್ಟು ನುಂಗಿದ್ದು.
ನಮ್ಮಲ್ಲಿ ಆ ರಕಾರಕ್ಕೆ ಒಂದು ಕೊಂಬು ಹಚ್ಚಿದರ ಸಾಕು,
ದೂರು ಆಗ್ತೈತಿ.
ಕೊಡಾಕ ಕಚೇರಿ ಐತಿ, ಇಸಗೊಳ್ಳಾಕ ಗುಮಾಸ್ತ ಅದಾನ.
ಆಕಿ ಹಚ್ಚಲಿಲ್ಲ.

ಕೆಳಗ ಇನ್ನೊಂದು ಸಾಲಿತ್ತು:
ಸಮಯದ ಅಂತರ ಅರ್ಧ ತಾಸು. ಅಲ್ಲಿ ಮುಂದ.
ಓದಿ ಹೇಳಿದೆ. ಗ್ವಾಡಿ ಗಡಿಯಾರ ನೋಡಿದಳು, ಆರೂಕಾಲು.
'ಹಂಗಾದರ ಅಲ್ಲಿ ತುಳಸಿ ಮುಂದ ದೀಪ ಹಚ್ಚಿ ಆತು.
ಯಾರ ಮನಿ ಆಗಿದ್ದರೂ.'

ಅರ್ಜಿಗೆ ಇಪ್ಪತ್ತು, ಅಂದೆ.
'ದೂರಕ್ಕ?'
ಅದಕ್ಕೇನೂ ಇಲ್ಲಮ್ಮ.
ಪುಗಸಟ್ಟೆ ಬ್ಯಾಡ ಅಂತ
ಎರಡು ರೂಪಾಯಿ ಗಾಜಿನ ಮ್ಯಾಲೆ ಇಟ್ಟಳು.
ಹುಟ್ಟಿದ ಊರಿನ ಜಾಗದಾಗ ನಾನು ಏನು ಒತ್ತಿದೆ ಅನ್ನೋದು
ನನಗೂ ಸರಕಾರಕ್ಕೂ ಬಿಟ್ಟದ್ದು.

ಮೂರನೇ ಕ್ಯಾಂಪಿನ ಬಸ್ಸು
ಇನ್ನೂ ಅರ್ಧ ತಾಸು ಅಂತ ಕಂಡಕ್ಟರು ಕೂಗಿದ.
ಕಟ್ಟೆ ಮ್ಯಾಲೆ ಕುಂತಳು.
ಬಾಯಿ ಮುಚ್ಚಿತ್ತು, ಗಲ್ಲ ಮಾತ್ರ ಸಣ್ಣಗೆ ಆಡತಿತ್ತು.
ಒಳಗ ನಾಲಿಗಿ
ಎಲ್ಲೆಲ್ಲಿ ಏನೇನು ಬಿತ್ತು ಅಂತ
ನಡಕೊಂಡು ಹೊಂಟಿತ್ತು.