ನಡುಗೆರೆ

ಕಾಗದದಲ್ಲಿ ಬರೆದಿದೆ: ಎಡಗೈ
ಮೈಯ ನಡುಗೆರೆ ದಾಟಬೇಕು,
ಐದರಲ್ಲಿ ನಾಲ್ಕು ಸಲ, ಮಾರ್ಚ್ ಮುಗಿಯುವುದರೊಳಗೆ.

ಡುಲೂತ್‌ನ ಜಿಮ್ಮು. ಕಿಟಕಿಯಾಚೆ ಕಲ್ಲಾದ ಸರೋವರ.
ಉಳಿದವರಿಗೆ ಬ್ಯಾಸ್ಕೆಟ್‌ಬಾಲ್; ಓರಿನ್‌ಗೆ
ಹೆಸರುಕಾಳು ತುಂಬಿ ನಾನೇ ಹೊಲಿದ ಚೀಲ,
ಗಾಲಿಕುರ್ಚಿಯ ಬಲಕ್ಕೊಂದು ಬುಟ್ಟಿ.

ಚೀಲ ತೊಡೆಯ ಮೇಲೇ ಬಿತ್ತು.
ಮತ್ತೆ ಕೊಟ್ಟೆ. ಬಲಗೈ ಬಂದು ಕದ್ದುಕೊಂಡಿತು.
ಆಮೇಲೆ ಸುಮ್ಮನೆ ನನ್ನ ಮುಖ ನೋಡಿ ನಕ್ಕ.
ಸೊನ್ನೆ ಬರೆದೆ. ನಗುವಿಗೆ ಖಾನೆಯಿಲ್ಲ.

ಗಂಟೆ ಹೊಡೆಯಿತು.
ಬುಟ್ಟಿ ಎತ್ತಲು ಬಗ್ಗಿದೆ; ಕೊರಳ ಸೀಟಿ
ಅವನ ಬಲತೋಳಿನ ಮೇಲೆ ತೂಗಾಡಿತು.
ಎಡಗೈ ಎದ್ದಿತು,
ನಡುಗುತ್ತ ಎದೆ ದಾಟಿತು,
ಹಿಡಿದು ಜಗ್ಗಿತು, ದಾರ ನನ್ನ ಕುತ್ತಿಗೆ ಕೊಯ್ಯುವಷ್ಟು.

ನಾಳೆ ಬುಟ್ಟಿ ಬೇಡ.
ಸೀಟಿ ಅವನ ಬಾಯಿಗೇ ಹೋಗಲಿ,
ಕಿವಿಗೆ ಹತ್ತಿ ಇಟ್ಟುಕೊಂಡರಾಯಿತು.