ಮುಟ್ಟಬಹುದು

ಹಲಗೆ ಒಂದೇ.
ಈ ಬದಿಗೆ ಕೆಂಪಕ್ಷರ: ಮುಟ್ಟಬೇಡಿ.
ಮಗುಚಿದರೆ ಹಸಿರು: ಮುಟ್ಟಬಹುದು.
ತಿಂಗಳಿಗೊಮ್ಮೆ, ಎರಡನೇ ಶನಿವಾರ,
ಅದನ್ನು ಮಗುಚಿ ನೇತುಹಾಕುವುದು ನನ್ನ ಕೆಲಸ.
ಸಂಬಳದ ಚೀಟಿಯಲ್ಲಿ ನಾನು ಅಟೆಂಡರ್,
ಆ ಒಂದು ದಿನ ಮಾತ್ರ
ಅಪ್ಪಣೆ ಕೊಡುವವಳು.

ಮೇಜಿಗೆ ಹಳೇ ಸೀರೆ ಹಾಸಿ
ಬೀರುವಿನಿಂದ ಒಂದೊಂದೇ ಇಳಿಸುತ್ತೇನೆ:
ಮುಳ್ಳುಹಂದಿಯ ಮುಳ್ಳು, ಕೇರೆಹಾವಿನ ಪೊರೆ,
ಗೀಜಗನ ಗೂಡು. ಅದರೊಳಗೆ ಹೋದ ವರ್ಷ ಯಾರೋ ತುರುಕಿದ
ಪೆಪ್ಪರಮಿಂಟಿನ ಕಾಗದ ಇನ್ನೂ ಇದೆ, ನಾನು ತೆಗೆದಿಲ್ಲ.
ಆನೆಯ ದವಡೆ ಹಲ್ಲು, ಒರಳುಕಲ್ಲಿನ ಹಾಗೆ ಗೀರು ಗೀರು,
ಎತ್ತಲು ಎರಡು ಕೈ ಬೇಕು.
ನಾಗರಹಾವಿನ ಜಾಡಿ ಮಾತ್ರ ಮೇಲಿನ ಅಂಕಣದಲ್ಲೇ.
ಫಾರ್ಮಲಿನ್ನಿನಲ್ಲಿ ನೆನೆದೂ ನೆನೆದೂ
ನೀರುಮಜ್ಜಿಗೆಯ ಬಣ್ಣಕ್ಕೆ ತಿರುಗಿದೆ ಅದು.
ಪ್ರತಿ ಸಲ ಯಾರಾದರೂ ಒಬ್ಬರು
ಅದಕ್ಕೂ ಕೈಮುಗಿಯುತ್ತಾರೆ.

ಪೆನ್ಷನ್ ಮೊಹಲ್ಲಾದಿಂದ ಒಂದೇ ಸ್ಕೂಟರಿನಲ್ಲಿ ಐದು ಜನ;
ಚಪ್ಪಲಿ ಬಿಡಬೇಕಿಲ್ಲ ಅಂದರೂ ಬಿಡುತ್ತಾಳೆ ಫರ್ಜಾನಾ,
ಮಕ್ಕಳ ಕೈಯಲ್ಲೂ ಬಿಡಿಸುತ್ತಾಳೆ.
ಸಂತೆಪೇಟೆ ಬೇಕರಿಯವರ ಅವಳಿ ಹುಡುಗರು
ಪೊರೆಯನ್ನು ಕೊರಳಿಗೆ ಸುತ್ತಿ
ಅಕ್ಕನ ಫೋನಿಗೆ ಹಲ್ಲು ಕಿರಿಯುತ್ತಾರೆ.
"ಇದು ಪ್ಲಾಸ್ಟಿಕ್ಕಾ?" ಎಂದು ಕೇಳದ ಮಗುವಿಲ್ಲ.
"ಇದು ಹೇಗೆ ಸತ್ತಿದ್ದು?"
ಹಲ್ಲು ತೋರಿಸಿ ಕೇಳಿದವಳು ಇಂಚರ ಒಬ್ಬಳೇ,
ಆಲೂರು ಕಡೆಯವಳು, ಐದನೇ ಕ್ಲಾಸು.
ವಿಮಲಾಕ್ಷಿ ಮೇಡಂ ಕನ್ನಡಕ ಸರಿಮಾಡಿಕೊಂಡು
"ವಯಸ್ಸಾಗಿತ್ತು ಪುಟ್ಟಾ" ಅಂದರು.
ಲೇಬಲ್ಲಿನಲ್ಲಿ ಹಾಗೇನೂ ಇಲ್ಲ.
ಇಸವಿ ಮಾತ್ರ ಇದೆ.

ಮಧ್ಯಾಹ್ನದ ಆಟ:
ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಆನೆಯ ಮುಂಗಾಲ ಹೆಜ್ಜೆ,
ಒಂದು ಉಂಡೆ ದಾರ, ಒಂದು ಸೀಮೆಸುಣ್ಣ.
ಹೆಜ್ಜೆಯ ಸುತ್ತ ದಾರ ಸುತ್ತಿ,
ಅದರ ಎರಡರಷ್ಟು ಗೋಡೆಗೆ ಹಿಡಿಯಿರಿ,
ಅಷ್ಟು ಎತ್ತರ ಆನೆ.
"ಹೆಚ್ಚು ಕಡಿಮೆ" ಎಂದು ಸೇರಿಸಿದರು ಮೇಡಂ.
ಓದಿದವರು ಯಾವಾಗಲೂ ಸೇರಿಸುತ್ತಾರೆ.

ಇಂಚರಳ ಅಪ್ಪ ಹೂವಣ್ಣ ಬಾಗಿಲಲ್ಲೇ ನಿಂತಿದ್ದ,
ಖಾಕಿ ಪ್ಯಾಂಟು, ನಿದ್ದೆಗೆಟ್ಟ ಕಣ್ಣು.
ರಾತ್ರಿಯೆಲ್ಲ ಜೀಪಿನಲ್ಲಿ ಕೂತು
ಆನೆ ಎಲ್ಲಿದೆಯೆಂದು ಊರೂರಿನ ಫೋನಿಗೆ
ಸುದ್ದಿ ಕಳಿಸುವ ಕೆಲಸ ಅವನದು.
ಬೆಳಕು ಹರಿಯುವ ಮುಂಚೆ ತೋಟಕ್ಕೆ ಬರಬೇಡಿ
ಎಂಬಷ್ಟು ಬಿಟ್ಟರೆ
ಬೇರೆ ಮಾತು ಕಮ್ಮಿ.

"ಅಪ್ಪಾ, ಎಟುಕಲ್ಲ, ಎತ್ಕೋ."
ಹೆಗಲ ಮೇಲೆ ಕೂರಿಸಿಕೊಂಡ.
ದಾರ ಮೇಲೇರಿತು, ಸ್ವಿಚ್ಚು ದಾಟಿ, ಗಡಿಯಾರ ದಾಟಿ,
ಹಳೇ ಕುಲಪತಿಗಳ ಪಟದ ಮೂಗು ದಾಟಿ.
ಅಲ್ಲಿ ಗೀಟೆಳೆದಳು.
ಕೆಳಗಿನ ಮಕ್ಕಳೆಲ್ಲ, ಅಬ್ಬಾ.

ಮಗಳನ್ನು ಇಳಿಸಿ ಹೂವಣ್ಣ ಎರಕದ ಮೇಲೆ ಬಗ್ಗಿದ.
ಬಲಗಡೆಯ ಉಗುರು ಚೂರು ಸೀಳಿತ್ತು.
ಅದರ ಮೇಲೆ ಬೆರಳಿಟ್ಟ.
ನನಗೇಕೋ ಒಮ್ಮೆ ಹಲಗೆ ನೋಡಬೇಕೆನಿಸಿತು. ಹಸಿರೇ ಇತ್ತು.
"ಇವ್ನು ನಂಗೊತ್ತು" ಅಂದ, ಯಾರಿಗೂ ಅಲ್ಲ.
"ಬದುಕವ್ನೆ. ಮೊನ್ನೆ ಮಂಗಳವಾರ
ಕೆರೆ ಏರಿ ದಾಟಿದ.
ತಲೆ ಎತ್ತಿದ್ರೆ ಇನ್ನೂ ಒಂದು ಮೊಳ ಹಾಕ್ಬೇಕು."
ಮೇಡಂ ಏನೋ ಬರೆದುಕೊಂಡರು.
ಅವನು ಬೆಂಚು ಹತ್ತಿದ, ಇಂಚರ ಅವನ ಹೆಗಲು ಹತ್ತಿದಳು.
ಎರಡನೇ ಗೀಟು ಸೂರಿನ ಹತ್ತಿರ, ಸೊಟ್ಟ.

ಐದು ಗಂಟೆಗೆ ಹಾಲಿನಲ್ಲಿ ಉಳಿದದ್ದು
ಒಂದು ಕ್ಲಿಪ್ಪು, ಒಂಟಿ ಕಾಲುಚೀಲ, ಕಡಲೆಕಾಯಿ ಸಿಪ್ಪೆ.
ಮುಳ್ಳು ಎಣಿಸಿದೆ. ಹದಿನೆಂಟಿರಬೇಕು, ಹದಿನೇಳಿತ್ತು.
ರಿಜಿಸ್ಟರಿನಲ್ಲಿ ಹದಿನೆಂಟೆಂದೇ ಬರೆದೆ.
ಯಾವುದೋ ಮಗುವಿನ ದಿಂಬಿನಡಿ
ಅದೂ ಲೆಕ್ಕಕ್ಕೆ ಇದ್ದೇ ಇರುತ್ತದಲ್ಲ.

ಹಲಗೆ ಮಗುಚಿದೆ. ಒದ್ದೆ ಬಟ್ಟೆ ಹಿಡಿದು ಸ್ಟೂಲು ಹತ್ತಿದೆ.
ಮೊದಲ ಗೀಟು ಹೋಯಿತು.
ಎರಡನೆಯದು ಎಟುಕಲಿಲ್ಲ.
ಏಣಿ ಸಸ್ಯಶಾಸ್ತ್ರದವರ ಹತ್ತಿರ ಇದೆ,
ಸೋಮವಾರ ಕೇಳಿದರಾಯಿತು.

ನಾಲ್ಕು ಸೋಮವಾರ ಕಳೆದವು.
ಬೆಳಿಗ್ಗೆ ಬೀಗ ತೆಗೆದು ಒಳಗೆ ಬರುವಾಗ
ಆ ಗೋಡೆಯಿಂದ ಒಂದು ಮಾರು ಸರಿದು ನಡೆಯುತ್ತೇನೆ,
ದಾರಿ ಬಿಟ್ಟು.