ಒಂದು ಬೆರಳು ಗಾಳಿ

ಮುಳಬಾಗಿಲು ಬೈಪಾಸಿನ ತಗಡಿನ ಶೆಡ್ಡಿಗೆ
ರಾತ್ರಿ ಹನ್ನೊಂದಕ್ಕೆ ಟೊಮೆಟೊ ಲಾರಿ ಬಂತು.
ಏರಿನಲ್ಲಿ ದಮ್ಮಿಲ್ಲ, ಸೀಟಿ ಹೊಡೆಯುತ್ತೆ
ಅಂದ ಚೌಡರೆಡ್ಡಿ.

ಟರ್ಬೊಗೆ ಎಣ್ಣೆ ಒಯ್ಯುವ ಪೈಪು ಬಿಚ್ಚಿ
ಬಾಯಿಟ್ಟು ಊದಿದೆ. ಉಸಿರು ಆಚೆ ಹೋಗಲಿಲ್ಲ.
ತಂತಿ ತೂರಿಸಿದರೆ ಉದುರಿದ್ದು
ಸೀದ ಸಾರಿನ ತಳದಂಥ ಕರಿಕು.

ಎಣ್ಣೆಯದು ತಪ್ಪಿಲ್ಲ ರೆಡ್ಡಿ.
ಹಿಂದೆ ಯಾರೋ ರಿಪೇರಿ ಮಾಡಿದವನು
ಪೈಪನ್ನು ಮ್ಯಾನಿಫೋಲ್ಡಿಗೆ ತಾಕಿಸಿ ಕೂರಿಸಿದ್ದಾನೆ,
ಉರಿವ ಒಲೆಯ ಪಕ್ಕ ಮಗು ಮಲಗಿಸಿದ ಹಾಗೆ.

ಯಾರೋ ಅಂದೆ.
ಬಿಲ್ ಪುಸ್ತಕದಲ್ಲಿರುವುದು ನನ್ನದೇ ಅಕ್ಷರ.

ಹೊಸ ಪೈಪಿಗೆ ಗಾಜುನೂಲಿನ ತೋಳು ತೊಡಿಸಿ
ಎರಡೂ ತುದಿಗೆ ಉಕ್ಕಿನ ತಂತಿ ಬಿಗಿದೆ.
ಮರೆಗೆ ಕಡಲೆಕಾಯಿ ಎಣ್ಣೆ ಡಬ್ಬದ ತಗಡು ಕತ್ತರಿಸಿದೆ,
ಅದರ ಮೇಲಿನ ಗಿಣಿಗೆ ರೆಕ್ಕೆ ಅರ್ಧ ಹೋಯಿತು.
ಆಮೇಲೆ ಬ್ರಾಕೆಟ್ ಬಗ್ಗಿಸಿ
ಸಂದಿಗೆ ತೋರುಬೆರಳು ಹಾಕಿ ನೋಡಿದೆ:
ಎಲ್ಲೂ ತಾಕಬಾರದು. ಇಷ್ಟಗಲ
ಬರೀ ಗಾಳಿ ಇರಬೇಕು.
ಅದಕ್ಕೆ ಕಾಸಿಲ್ಲ, ಮನಸ್ಸು ಬೇಕು ಅಷ್ಟೆ.

ನಂಗಲಿ ಏರು ಹತ್ತಿ ನಿಂತ ಕೂಡಲೇ
ಕೀ ತಿರುಗಿಸಬೇಡ ಕಣಪ್ಪ.
ಒಳಗೆ ಚಕ್ರ ಇನ್ನೂ ಸುತ್ತುತ್ತಿರುತ್ತದೆ.
ಎಣ್ಣೆ ನಿಂತರೆ ನಿಂತಲ್ಲೇ ಬೇಯುತ್ತದೆ.
ಎರಡು ನಿಮಿಷ ಹಾಗೇ ಗುರುಗುಟ್ಟಲಿ.

ಟೋಲ್‌ವರೆಗೆ ಓಡಿಸಿ ತಂದ. ಸೀಟಿ ಇಲ್ಲ.
ಲೇಬರ್ ಬೇಡ ಅಂದೆ. ಯಾಕೆ ಅಂತ ಕೇಳಲಿಲ್ಲ.
ಕೀಗೆ ಹೋದ ಅವನ ಕೈ
ಹಾಗೇ ಸ್ಟೇರಿಂಗಿನ ಮೇಲೆ ಕೂತಿತು.
ಇಬ್ಬರೂ ಇಂಜಿನ್ ಕೇಳುತ್ತಾ ನಿಂತೆವು.

ಆ ಎರಡು ನಿಮಿಷದಲ್ಲಿ
ಹೇಳಿಬಿಡಬಹುದಿತ್ತು.